ಮೀನಿನ ಮನೆಗೂ ಹಬ್ಬದ ತೊಳೆತ

ಮೂರು ವರ್ಷದ ಹಿಂದಿನ ಮಾತು. ದೀಪಾವಳಿಗೆ ಇನ್ನೊಂದು ವಾರವಿತ್ತು. ನಾವು ಇರುವುದು ಹೈದರಾಬಾದಿನ ನಾರಾಯಣಗೂಡದಲ್ಲಿ. ಅತ್ತೆ ನೆಂಟರ ಸೀಮಂತಕ್ಕೆಂದು ನಾಲ್ಕು ದಿನ ಕಲಬುರಗಿಗೆ ಹೊರಟರು. ಹೊರಡುವಾಗ ನನಗೆ ಒಪ್ಪಿಸಿದ್ದು ಗಾಜಿನ ತೊಟ್ಟಿಯಲ್ಲಿದ್ದ ಎರಡು ಗೋಲ್ಡ್‌ಫಿಶ್‌ಗಳನ್ನು. ಅವಕ್ಕೆ ಸಾವ್ಕಾರ, ಸಾವ್ಕಾರ್ತಿ ಎಂದು ಹೆಸರಿಟ್ಟು, ಬೆಳಗಿನ ಚಹಾವನ್ನು ಅವುಗಳ ಎದುರೇ ಕೂತು ಕುಡಿಯುವಷ್ಟು ಪ್ರೀತಿ ಅವರಿಗೆ. "ದಿನಾ ಚಿಟಿಕಿ ಕಾಳು ಹಾಕವ್ವ, ಅಷ್ಟ ಸಾಕು," ಎಂದರು.

ಅಷ್ಟಕ್ಕೇ ಸುಮ್ಮನಿರುವವಳೇ ನಾನು? ಸ್ವಚ್ಛತೆಯ ವಿಷಯದಲ್ಲಿ ನನಗೆ ಸ್ವಲ್ಪ ಹುಚ್ಚು. ಹಬ್ಬವೆಂದರೆ ಡಬ್ಬಿ, ಫ್ಯಾನು, ಪರದೆ ಎಲ್ಲ ತೊಳೆಯಲೇಬೇಕು. ತೊಟ್ಟಿ ಮಾತ್ರ ಯಾಕೆ ಪಾಚಿಗಟ್ಟಿರಬೇಕು? ಮೂರನೆಯ ದಿನ ಮೀನುಗಳನ್ನು ಬಕೆಟ್ಟಿಗೆ ಹಾಕಿ, ಹಳೆ ನೀರೆಲ್ಲ ಚೆಲ್ಲಿದೆ. ಗಾಜು, ಕಲ್ಲು, ಫಿಲ್ಟರಿನ ಕೊಳೆ ಸ್ಪಂಜು, ಎಲ್ಲವನ್ನೂ ನಲ್ಲಿಯ ಕೆಳಗೆ ತಿಕ್ಕಿ ತೊಳೆದೆ. ನಲ್ಲಿ ನೀರನ್ನೇ ತುಂಬಿ ಮೀನು ಬಿಟ್ಟೆ. ಫಳಫಳ ಹೊಳೆಯುವ ತೊಟ್ಟಿಯ ಫೋಟೊ ತೆಗೆದು ಅಕ್ಕನಿಗೂ ಕಳಿಸಿದೆ.

ಸ್ವಲ್ಪ ಹೊತ್ತಿಗೆ ನೋಡಿದರೆ ಎರಡೂ ಮೇಲೆ ಬಂದು ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದವು. ಮರುದಿನ ಸಂಜೆಗೆ ಅತ್ತೆ ಬರುವವರಿದ್ದರು. ಆಟೊ ಹಿಡಿದು, ಹಿಮಾಯತ್‌ನಗರದಲ್ಲಿ ಸಾಕುವ ಮೀನು ಮಾರುವ ಅಂಗಡಿಗೆ ಓಡಿದೆ.

ಅಂಗಡಿಯವರು ಬೀದರ್ ಕಡೆಯವರು. ನನ್ನ ಕಥೆ ಕೇಳಿ ಹಣೆ ಹಣೆ ಬಡಿದುಕೊಂಡರು. "ಸ್ಪಂಜೂ ತೊಳದ್ರೇನ್ರಿ ಅಕ್ಕಾರ? ಮೀನಿನ ಹೊಲಸು ತಿನ್ನೋ ಸಣ್ಣ ಜೀವ ಅದರಾಗ ಇರ್ತಾವ್ರಿ. ಅವನ್ನೆಲ್ಲ ಮೋರಿಗೆ ಕಳಿಸೀರಿ! ಮ್ಯಾಲ ನಲ್ಲಿ ನೀರಾಗ ಕ್ಲೋರಿನ್ ಬ್ಯಾರೆ ಐತಿ, ಕಿವಿರು ಸುಡತೈತಿ."

ಕ್ಲೋರಿನ್ ತೆಗೆಯುವ ಔಷಧ ಕೊಟ್ಟರು. ತಮ್ಮದೇ ತೊಟ್ಟಿಯಿಂದ ಕಂದು ನೀರು ಸೋರುವ ಹಳೆ ಸ್ಪಂಜೊಂದನ್ನು ತೆಗೆದು ಚೀಲಕ್ಕೆ ಹಾಕಿದರು. "ಇದನ್ನೂ ತೊಳದ್ರ ಮತ್ತ ನನ್ನ ಅಂಗಡಿ ಕಡೆ ಬರಬ್ಯಾಡ್ರಿ. ಎರಡು ದಿನ ಕಾಳು ಬಂದ್. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲ ಮಾಡ್ರಿ, ಅದೂ ಔಷಧ ಹಾಕಿದ ನೀರು." ಹೊಲಸನ್ನು ಎದೆಗವಚಿಕೊಂಡು ಮನೆಗೆ ಬಂದದ್ದು ಜೀವಮಾನದಲ್ಲಿ ಅದೇ ಮೊದಲು.

ಔಷಧ ಹಾಕಿ ಸ್ಪಂಜು ಇಳಿಸಿದೆ. ನೀರು ಮಬ್ಬಾಯಿತು. ಸಂಜೆಗೆ ಸಾವ್ಕಾರ್ತಿ ತಳಕ್ಕಿಳಿದು ಕಲ್ಲು ಕೆದಕತೊಡಗಿದಳು. ಸಾವ್ಕಾರ ಮಾತ್ರ ಮರುದಿನ ಬೆಳಿಗ್ಗೆಯವರೆಗೆ ನನ್ನ ಜೀವ ಹಿಂಡಿ, ಆಮೇಲೆ ಏನೂ ಆಗದವನಂತೆ ಈಜಿದ.

ಸಂಜೆ ಅತ್ತೆ ಬಂದವರೇ ಚೀಲ ಇಳಿಸಿ ತೊಟ್ಟಿಯೊಳಗೆ ಇಣುಕಿದರು. "ನೀರು ಮಬ್ಬ ಐತಿ. ಅಂದ್ರ ತೊಳದಿಲ್ಲ. ಚಲೋ ಮಾಡಿದಿ ಅವ್ವ. ನೀ ಎಲ್ಲಿ ತಿಕ್ಕಿ ತೊಳದುಬಿಡ್ತೀಯೋ ಅಂತ ರೈಲಿನಾಗ ಜೀವ ಡವಡವ ಅನ್ನಾಕತ್ತಿತ್ತು!"

ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಹೊಗಳಿಕೆ ನನಗೆ ಅರಗಲಿಲ್ಲ. "ತೊಳದಿದ್ದೆರಿ ಅತ್ತಿ, ಪೂರಾ ತೊಳದಿದ್ದೆ," ಎಂದು ಎಲ್ಲ ಹೇಳಿ ಅತ್ತುಬಿಟ್ಟೆ. ಅತ್ತೆ ಮೀನುಗಳನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು. "ಹೋಗ್ಲಿ ಬಿಡು. ಇನ್ನ ಮ್ಯಾಲ ನೀರು ಬದಲ ಮಾಡೋದು ನಿನ್ನ ಕೆಲಸ. ಒಮ್ಮೆ ತಪ್ಪಿದಾಕಿ ಮತ್ತ ತಪ್ಪಂಗಿಲ್ಲ."

ಆವತ್ತು ಬೈದಿದ್ದರೆ ನಾಲ್ಕು ದಿನದಲ್ಲಿ ಮರೆಯುತ್ತಿದ್ದೆನೇನೋ. ಕೆಡಿಸಿದ ಕೈಗೇ ತಮ್ಮ ಮೀನುಗಳನ್ನು ಮತ್ತೆ ಒಪ್ಪಿಸಿದರಲ್ಲ, ಅದನ್ನು ಮಾತ್ರ ಮರೆಯಲಾರೆ.