ಚಪ್ಪಲಿಗಳ ಗ್ಯಾಲರಿ

ಧಾರವಾಡದ ಬಸ್ಸು ದೊಡವಾಡದ ಹತ್ತಿರದ ಊರೊಂದರಲ್ಲಿ ನಿಂತುಬಿಟ್ಟಿತು. "ಇಂಜಿನ್ ಕಾದೈತ್ರಿ, ಸ್ವಲ್ಪ ಆರ್ಲಿ," ಎಂದು ಡ್ರೈವರ್ ಇಳಿದುಹೋದ. ನಾನೂ ಇಳಿದು ಎದುರಿನ ಕುಸ್ತಿ ಮೈದಾನಕ್ಕೆ ನಡೆದೆ.

ಅಲ್ಲಿ ಸಿಮೆಂಟಿನ ಹೊಸ ಗ್ಯಾಲರಿ, ಅದರ ಮೇಲೆ ತಗಡಿನ ನೆರಳು. ಆದರೆ ಊರವರೆಲ್ಲ ಬಿಸಿಲಲ್ಲಿ, ಕಣದ ಸುತ್ತ, ಬರಿಗಾಲಲ್ಲಿ ನೆಲಕ್ಕೆ ಕುಳಿತಿದ್ದರು. ಗ್ಯಾಲರಿಯ ತುಂಬ ಅವರ ಚಪ್ಪಲಿಗಳು ಜೋಡಿಜೋಡಿಯಾಗಿ ಕಣದ ಕಡೆ ಮುಖ ಮಾಡಿ ಕುಳಿತಿದ್ದವು. ನಾನು ಎರಡು ಜೋಡಿ ಸರಿಸಿ ಜಾಗ ಮಾಡಿಕೊಂಡೆ.

ಕೆಂಪು ಲಂಗೋಟಿಯ ಪೈಲ್ವಾನ ಎದುರಾಳಿಯನ್ನು ಎತ್ತಿ ಕೆಡವಿದ. ನಾನು ಎದ್ದು ಚಪ್ಪಾಳೆ ತಟ್ಟಿದೆ. ಬೇರೆ ಯಾರೂ ತಟ್ಟಲಿಲ್ಲ.

ಕೆಳಗೆ ಕೆನ್ನೆಯನ್ನು ನೆಲಕ್ಕೆ ಹಚ್ಚಿ ನೋಡುತ್ತಿದ್ದ ರುಮಾಲಿನ ಅಜ್ಜ ತಲೆಯೆತ್ತಿ ತಿರುಗಿದರು. "ಒಂದು ಭುಜ ಇನ್ನೂ ಮಣ್ಣಿಗೆ ಹತ್ತಿಲ್ರಿ. ಕೆಳಗ ಬರ್ರಿ. ಮ್ಯಾಲಿಂದ ಬಿದ್ದದ್ದಷ್ಟ ಕಾಣತೈತಿ, ಸೋತದ್ದು ಕಾಣೂದಿಲ್ಲ."

"ಮತ್ತೆ ಈ ಗ್ಯಾಲರಿ ಯಾಕೆ ಕಟ್ಟಿಸಿದ್ರಿ?"

"ಮಂಜೂರಾಗಿತ್ರಿ. ಚಲೋನ ಆತು. ಮೊದಲ ಬಿಸಲಾಗ ಚಪ್ಪಲಿ ಕಾದು, ಮನಿಗೆ ಹೋಗೂಮುಂದ ಕಾಲು ಸುಡತಿದ್ವು."

ನಾನೂ ಚಪ್ಪಲಿ ಬಿಟ್ಟು ಇಳಿದು, ಅವರಂತೆಯೇ ಕೆನ್ನೆಯನ್ನು ನೆಲಕ್ಕೆ ಹಚ್ಚಿದೆ. ನಿಜ, ಭುಜಕ್ಕೂ ಮಣ್ಣಿಗೂ ನಡುವೆ ಒಂದು ಬೆರಳಿನಷ್ಟು ಬೆಳಕಿತ್ತು. ಕೆಳಗೆ ಬಿದ್ದವನು ಅಷ್ಟರಲ್ಲೇ ಹೊರಳುವ ಯೋಚನೆಯಲ್ಲಿದ್ದ.

ಬಸ್ಸಿನ ನೆನಪಾಗಿ ಹಿಂದಿರುಗಿ ನೋಡಿದೆ. ಗ್ಯಾಲರಿಯಲ್ಲಿ ನಾನು ಕುಳಿತಿದ್ದ ಜಾಗದಲ್ಲಿ ಒಂದು ಜೊತೆ ಕಪ್ಪು ಬೂಟುಗಳಿದ್ದವು. ನನ್ನ ಪಕ್ಕದಲ್ಲಿ ನಮ್ಮ ಡ್ರೈವರ್, ಖಾಕಿ ಅಂಗಿಯಲ್ಲೇ, ಕೆನ್ನೆ ನೆಲಕ್ಕೆ ಹಚ್ಚಿ ಮಲಗಿದ್ದ.

"ಇನ್ನೂ ಆರಿಲ್ರಿ," ಎಂದ, ಕಣದಿಂದ ಕಣ್ಣು ಕೀಳದೆ.