ಹೆಸರಿನ ಮುಂದೆ ನಿಂತ ಎಕ್ಸ್

ತಂಗಿಯ ಮದುವೆಯ ಇಂಗ್ಲಿಷ್ ಕಾರ್ಡ್ ಬರೆದವನು ನಾನೇ. ತಿಪಟೂರಿನ ಪ್ರೆಸ್ಸಿನಲ್ಲಿ ನಿಂತುಕೊಂಡೇ ಬರೆದೆ ಎಂಬ ನೆನಪು. ಬಹುಶಃ ಕೂತಿದ್ದೆ, ಅವಸರವಿತ್ತು ಎಂದು ತೋರಿಸಲು ಆಮೇಲೆ ನಾನೇ ನನ್ನನ್ನು ನಿಲ್ಲಿಸಿರಬೇಕು.

ಕನ್ನಡದ ಕಾರ್ಡಿನಲ್ಲಿ ತೊಂದರೆಯಿರಲಿಲ್ಲ. ಸೋದರಮಾವನ ಹೆಸರು ದಪ್ಪಕ್ಷರದಲ್ಲಿ, ಅದರ ಕೆಳಗೆ ಇರುವೆ ಸಾಲಿನಂತೆ 'ಮಾಜಿ ಅಧ್ಯಕ್ಷರು, ಗ್ರಾಮ ಪಂಚಾಯಿತಿ'. ವರನ ಆಫೀಸಿನವರಿಗಾಗಿ ಮಾಡಿಸಿದ ಇಂಗ್ಲಿಷ್ ಕಾರ್ಡಿನಲ್ಲಿ ಪದವಿ ಮುಂದೆ ಬರಬೇಕೆಂದು ಎಲ್ಲೋ ಓದಿದ್ದೆ. ಸಾಲಿನ ತಲೆಯಲ್ಲೇ 'ಎಕ್ಸ್ ಪ್ರೆಸಿಡೆಂಟ್' ಬಂತು, ಮಾವ ಅದರ ಹಿಂದೆ.

ನಮ್ಮ ಕಡೆ ಒಮ್ಮೆ ಅಧ್ಯಕ್ಷರಾದವರು ಸಾಯುವ ತನಕ ಅಧ್ಯಕ್ಷರೇ. ತುರುವೇಕೆರೆ ಬಸ್ಸಿನ ಕಂಡಕ್ಟರ್ ಕೂಡ ಮಾವನನ್ನು ಹಾಗೇ ಕರೆಯುತ್ತಿದ್ದ. ಆಗಿನ ನಿಜವಾದ ಅಧ್ಯಕ್ಷೆಯೂ ಹಾಗೇ ಕರೆಯುತ್ತಿದ್ದರು.

ಎರಡೂ ಕಾರ್ಡ್ ಮಾವನ ಮನೆ ತಲುಪಿದ ದಿನವೇ ಅತ್ತೆಯ ಫೋನ್: 'ಆ ಇಂಗ್ಲಿಷ್ ಕಾರ್ಡ್ ಓದಿಸ್ಕಂಡ್ ಮ್ಯಾಲೆ ನಿಮ್ಮಾವ ಮದ್ವೆಗೆ ಬರಾಕಿಲ್ವಂತೆ ಕಣಪ್ಪ. ಮಾತಾಡ್ಸಿದ್ರೆ ಎದ್ದು ಅಟ್ಟ ಹತ್ತತಾರೆ.'

ಅಮ್ಮ ಅವತ್ತೇ ನನ್ನನ್ನು ಮಾವನ ಊರಿಗೆ ಅಟ್ಟಿದಳು. ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವರು ಸೋದರಮಾವ. ನಮಗಿದ್ದವರು ಅವರೊಬ್ಬರೇ.

ನಾನು ಹೋದಾಗ ಮಾವ ಅಟ್ಟದ ಮೇಲೆ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿದೆಯೇ ಎಂದು ಕೇಳಿಸಿಕೊಳ್ಳುತ್ತಿದ್ದರು.

'ಇಂಗ್ಲಿಷಲ್ಲಿ ಪದ್ಧತೀನೇ ಹಂಗೆ ಮಾವ.'

'ಯಾವನ್ಲಾ ಮಾಡಿದ್ದು? ಮನೆಗೆ ಬಂದೋನ ಮುಖ ನೋಡಕ್ ಮುಂಚೆ, ನೀನು ಕುರ್ಚಿ ಇಳ್ದೋನು ಅಂತ ಹೇಳಾದಾ?'

'ಮಾಜಿ ಅಂತ ಕನ್ನಡದಲ್ಲೂ ಐತಲ್ಲ?'

'ಅದು ಹೆಸ್ರಿನ ಕೆಳಗೈತೆ. ಕನ್ನಡಕ ಹಾಕ್ಕಂಡೋರ್ಗೆ ಮಾತ್ರ ಕಾಣ್ತದೆ.'

'ಬುಡಿ, ಎಕ್ಸ್ ತೆಗ್ದುಬಿಡ್ತೀನಿ.'

'ನನ್ ಕೈಲಿ ಸುಳ್ಳು ಹೇಳುಸ್ತೀಯಾ? ಈಗಿರೋ ಯಮ್ಮ ಏನಂದ್ಕಬೇಕು?'

ಇದ್ದರೂ ತಪ್ಪು, ತೆಗೆದರೂ ತಪ್ಪು. ಪೆನ್ನಿನಿಂದ ಆ ಪದವಿಯನ್ನೇ ಹೊಡೆದು, 'ಅಂಕಲ್ ಆಫ್ ದಿ ಬ್ರೈಡ್' ಎಂದು ಬರೆದು ಓದಿ ಹೇಳಿದೆ.

'ಅಂಕಲ್ಲು! ಬೀದೀಲಿ ಹೋಗೋರೆಲ್ಲ ಅಂಕಲ್ಲೇ ಕಣ್ಲಾ. ಸೋದರಮಾವ ಅಂತ್ಲೇ ಹಾಕು, ಇಂಗ್ಲಿಷ್ ಅಕ್ಷರದಲ್ಲಿ. ಗೊತ್ತಿಲ್ದೋರು ಕೇಳ್ಕಂಡ್ಲಿ.'

ಕಾರ್ಡ್ ಮತ್ತೆ ಅಚ್ಚಾಯಿತು. ಮಾವ ಬಂದರು. ಮುಹೂರ್ತಕ್ಕೆ ಪುರೋಹಿತರು, 'ಅಧ್ಯಕ್ಷರೇ, ಹುಡುಗೀನ ಕರ್ಕಂಡ್ ಬನ್ನಿ' ಎಂದು ಕೂಗಿದಾಗ ಅವರು ಕದಲದೆ, 'ಇವತ್ತು ಮಾವ ಅನ್ರೀ' ಎಂದರು.

ಹಾಗೆಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ತಂಗಿ ಒಪ್ಪುವುದಿಲ್ಲ. ಅವಳ ಪ್ರಕಾರ ಮಾವ ಬಾಯಿಯೇ ಬಿಡಲಿಲ್ಲ. ಕೂಗಿಗೆ ಕಾಯದೆ ಹೊರಟೇಬಿಟ್ಟರು. ಮಂಟಪದವರೆಗೂ ಎಷ್ಟು ಬಿಗಿಯಾಗಿ ಕೈ ಹಿಡಿದಿದ್ದರೆಂದರೆ, ಬಳೆಗಳ ಗುರುತು ಊಟದ ಹೊತ್ತಿಗೂ ಮಾಸಿರಲಿಲ್ಲವಂತೆ.