ಖಾಲಿ ಕುರ್ಚಿಗೆ ಗಾಳಿ

ಐವತ್ತರ ದಶಕದಲ್ಲಿ ನಾವು ಮುಂಬಯಿಯ ಚೆಂಬೂರಿನಲ್ಲಿದ್ದೆವು. ನನ್ನ ಗಂಡ ಕಾಲೇಜಿನಲ್ಲಿ ಮೇಷ್ಟ್ರು, ನಾಟಕದ ಹುಚ್ಚು ಬೇರೆ. ಯುರೋಪಿನಲ್ಲಿ ಹೊಸ ಬಗೆಯ ನಾಟಕ ಹುಟ್ಟಿದೆಯಂತೆ, ಅದರಲ್ಲಿ ದುರಂತ ಯಾವುದು, ಹಾಸ್ಯ ಯಾವುದು ಎಂದು ಬಿಡಿಸಿ ಹೇಳಲಾಗದಂತೆ, ನೋಡುವವರಿಗೆ ಅಳುವೂ ನಗುವೂ ಒಂದೇ ಗಳಿಗೆಯಲ್ಲಿ ಬರಬೇಕಂತೆ. ನಾನು ದೋಸೆಗೆ ರುಬ್ಬುತ್ತಿದ್ದರೆ ಪಕ್ಕದಲ್ಲಿ ನಿಂತು ಇದೇ ಪಾಠ. ಎರಡೂ ಒಟ್ಟಿಗೆ ಬಂದರೆ ಬಿಕ್ಕಳಿಕೆ ಬರುತ್ತೆ ಅಷ್ಟೆ ಎಂದುಬಿಟ್ಟೆ. ಪಾಪ, ಮುಖ ಸಪ್ಪಗಾಯಿತು.

ಕೊನೆಗೆ ತಾವೇ ಒಂದನ್ನು ಬರೆದರು. ರಂಗದ ಮೇಲೆ ಸಿಂಹಾಸನ, ಅಂದರೆ ನಮ್ಮ ಮನೆಯ ಬೆತ್ತದ ಕುರ್ಚಿ. ಇಬ್ಬರು ಸೇವಕರು ಅದಕ್ಕೆ ಗಾಳಿ ಬೀಸುತ್ತಲೇ ಇರುತ್ತಾರೆ. ಅರಸ ಬರುವುದೇ ಇಲ್ಲ. ಅಷ್ಟೇ ಕಥೆ. ಹಿಂದಿನ ನಾಟಕಗಳಂತೆ ಇದೂ ಜನಕ್ಕೆ ಹಿಡಿಸದಿದ್ದರೆ ಮತ್ತೆ ಪೆನ್ನು ಮುಟ್ಟುವುದಿಲ್ಲ ಎಂದು ಶಪಥ ಮಾಡಿದರು. ನನಗೆ ಒಳಗೊಳಗೇ ಭಯ. ಬರೆಯುವುದು ಬಿಟ್ಟ ಈ ಮನುಷ್ಯನನ್ನು ಮನೆಯಲ್ಲಿಟ್ಟುಕೊಂಡು ನಾನೇನು ಮಾಡಲಿ?

ಭಾನುವಾರ ಮಧ್ಯಾಹ್ನ, ಗ್ರಾಂಟ್ ರೋಡಿನ ಒಂದು ಹಾಲಿನಲ್ಲಿ ಪ್ರದರ್ಶನ. ಬಂದವರು ಹೆಚ್ಚಾಗಿ ಸುತ್ತಲಿನ ಉಡುಪಿ ಹೋಟೆಲುಗಳ ಕೆಲಸಗಾರರು, ಯಕ್ಷಗಾನ ನೋಡಿ ಬೆಳೆದವರು. ಎಷ್ಟು ಹೊತ್ತಾದರೂ ಅರಸನ ಸುಳಿವಿಲ್ಲ. ಹಿಂದಿನ ಸಾಲು ಎದ್ದು ಹೊರಡತೊಡಗಿತು. ಸಭೆಯಲ್ಲಿ ಕೂತಿದ್ದ ನನಗೆ ಆ ಶಪಥ ನೆನಪಾಯಿತು.

ಆಗ ಮುಂದಿನ ಸಾಲಿನಿಂದ ಅಡುಗೆ ಭಟ್ಟರೊಬ್ಬರು ಹೆಗಲ ಟವೆಲನ್ನು ತಲೆಗೆ ಸುತ್ತಿಕೊಂಡು ಸೀದಾ ರಂಗಕ್ಕೇರಿದರು. ಊರಲ್ಲಿದ್ದಾಗ ಯಕ್ಷಗಾನ ಮೇಳದಲ್ಲಿ ಹಾಸ್ಯಗಾರರಾಗಿದ್ದವರು. ಮೇಳದಲ್ಲಿ ಅರಸನ ವೇಷ ಸಿದ್ಧವಾಗದಿದ್ದರೆ ಹಾಸ್ಯಗಾರ ಬಂದು ಸಭೆಯನ್ನು ಹಿಡಿದು ಕೂರಿಸುವುದು ಪದ್ಧತಿ. ಇಲ್ಲೂ ಒಳಗೆ ಅರಸನ ಬಣ್ಣ ಮುಗಿದಿಲ್ಲ, ಪಾಪದವರ ಮಾನ ಹೋಗುತ್ತದೆ ಎಂದುಕೊಂಡರು ಪುಣ್ಯಾತ್ಮರು! ಅರಸರ ಸ್ನಾನ, ಅರಸರ ಊಟ, ಕಿರೀಟ ಸಿಗದೆ ಅರಸರು ಇಡ್ಲಿ ಪಾತ್ರೆ ಹೊತ್ತದ್ದು, ಹೀಗೆ ಅವರು ಹೇಳುತ್ತಾ ಹೋದಂತೆ ಎದ್ದವರೆಲ್ಲ ಕೂತು ನಕ್ಕರು.

ದಿಕ್ಕು ತೋಚದ ಸೇವಕನೊಬ್ಬ ನಾಟಕದ ಕೊನೆಯ ಮಾತನ್ನೇ ಆಡಿಬಿಟ್ಟ.

"ಅರಸರು ಬರುವುದಿಲ್ಲ."

ಭಟ್ಟರು ತಟ್ಟನೆ ನಿಂತರು. ಒಳಗಿನ ಬಾಗಿಲತ್ತ ನೋಡಿದರು, ಕುರ್ಚಿಯನ್ನು ನೋಡಿದರು. ಆಮೇಲೆ ಅವನ ಕೈಯಿಂದ ಬೀಸಣಿಗೆ ತೆಗೆದುಕೊಂಡು ತಾವೇ ಮೆಲ್ಲಗೆ ಬೀಸತೊಡಗಿದರು.

"ಬಾರದಿದ್ರೆ ಎಂತ ಮಾರಾಯ? ಕುರ್ಚಿಗೆ ಸೆಕೆ ಆಗುದಿಲ್ವಾ?"

ಹಾಲಿಗೆ ಹಾಲೇ ಹೋ ಎಂದು ನಕ್ಕಿತು. ನಗುತ್ತಿದ್ದವರೇ ಕಣ್ಣೊರೆಸಿಕೊಳ್ಳುತ್ತಿದ್ದರು. ಪರದೆಯ ಸಂದಿಯಿಂದ ನನ್ನ ಗಂಡ ನನ್ನತ್ತ ನೋಡಿ, ಈಗೇನಂತೀಯ ಎಂಬಂತೆ ಹುಬ್ಬು ಹಾರಿಸಿದರು. ಏನಾದರೂ ಅನ್ನೋಣವೆಂದರೆ ನನಗೆ ಬಿಕ್ಕಳಿಕೆ ಹತ್ತಿಕೊಂಡಿತ್ತು.